ಕಾರ್ನರ್ ಬಾವುಟದ ಬಳಿ ಬೆನ್ನು ಕೊಟ್ಟು ನಿಂತ ಹುಡುಗ

ಪ್ರಶ್ನೆ: ಸರ್, ನಾವು ನಾಲ್ಕು ಜನ ಗೆಳೆಯರು ಒಂದೇ ಫುಟ್‌ಬಾಲ್ ಕ್ಲಬ್‌ನ ಅಭಿಮಾನಿಗಳು. ಅಕಾಡೆಮಿಯಿಂದ ಮೇಲೆ ಬಂದ 17 ವರ್ಷದ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರ) ಒಬ್ಬನ ಮೇಲೆ ನಮಗೆಲ್ಲ ತುಂಬಾ ಆಸೆ. ಮೊನ್ನೆ 1-0 ಮುಂದಿದ್ದಾಗ ಅವನನ್ನು 88ನೇ ನಿಮಿಷಕ್ಕೆ ಇಳಿಸಿದರು. ಅವನು ಮಾಡಿದ್ದೇನು ಗೊತ್ತಾ? ಚೆಂಡನ್ನು ಕಾರ್ನರ್ ಬಾವುಟದ ಹತ್ತಿರ ಒಯ್ದು ಬೆನ್ನು ಕೊಟ್ಟು ನಿಂತದ್ದು. ಅತ್ತ ನಮ್ಮ ಗೋಲ್‌ಕೀಪರ್ ಚೆಂಡು ಅಪ್ಪಿಕೊಂಡು ಮಲಗಿಬಿಟ್ಟ. ಗೆದ್ದೆವು. ಆದರೆ ಆಮೇಲೆ ನಮ್ಮೊಳಗೇ ಜಗಳ. ಒಬ್ಬ ಇದು ಮೋಸ ಅಂತಾನೆ, ಇನ್ನೊಬ್ಬ ಪ್ರೊಫೆಷನಲ್ ಆಟ ಅಂದ್ರೆ ಇದೇ ಅಂತಾನೆ. ನಿಯಮ ಏನು ಹೇಳುತ್ತದೆ? ಗಡಿಯಾರವನ್ನೇ ನಿಲ್ಲಿಸಿಬಿಟ್ಟರೆ ಈ ಕಾಟ ತಪ್ಪಲ್ವಾ? ಇಂಥದ್ದನ್ನೆಲ್ಲ ಅಕಾಡೆಮಿಯಲ್ಲೇ ಕಲಿಸ್ತಾರಾ?

ಉತ್ತರ: ಹುಡುಗನ ಮಟ್ಟಿಗೆ ನಿಮ್ಮ ಎರಡನೇ ಗೆಳೆಯ ಹೇಳಿದ್ದು ಸರಿ. ಗೋಲ್‌ಕೀಪರ್ ಮಟ್ಟಿಗೆ ಮೊದಲನೆಯವನು ಹೇಳಿದ್ದು ಸರಿ. ಯಾಕೆ ಅಂತ ಹೇಳುತ್ತೇನೆ.

ಕಾರ್ನರ್ ಬಾವುಟದ ಬಳಿ ಚೆಂಡು ಇಟ್ಟುಕೊಂಡು ನಿಲ್ಲುವುದನ್ನು ತಡೆಯುವ ನಿಯಮವೇ ಇಲ್ಲ. ಚೆಂಡು ಕಾಲಿಗೆ ಎಟಕುವಷ್ಟು ದೂರದಲ್ಲಿ ಇರಬೇಕು, ಎದುರಾಳಿಯನ್ನು ಕೈಯಿಂದ ಹಿಡಿಯಬಾರದು, ತಳ್ಳಬಾರದು. ಅಷ್ಟು ಸರಿಯಿದ್ದರೆ ಮೈ ಅಡ್ಡ ಕೊಟ್ಟು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಚೆಂಡು ಆಟದಲ್ಲೇ ಇದೆ. ಎದುರಾಳಿ ಬಂದು ಕಿತ್ತುಕೊಳ್ಳಬಹುದು. ಮೈದಾನದ ಯಾವ ಮೂಲೆಯಲ್ಲಿ ಆಡಬೇಕು ಅಂತ ರೆಫರಿ ಹೇಳುವ ಹಾಗಿಲ್ಲ. ನೋಡಲು ಬೇಜಾರು, ಒಪ್ಪುತ್ತೇನೆ. ಆದರೆ ಸುಲಭದ ಕೆಲಸ ಅಂದುಕೊಳ್ಳಬೇಡಿ. ಸೊಂಟ ಕೆಳಗಿಳಿಸಿ, ಚೆಂಡಿನ ಮೇಲೆ ಅಂಗಾಲು ಇಟ್ಟು, ಹಿಂದಿನಿಂದ ಇಬ್ಬರು ಒದೆಯುತ್ತಿರುವಾಗ ತಲೆ ಕೆಡಿಸಿಕೊಳ್ಳದೆ, ಕೊನೆಗೆ ಚೆಂಡನ್ನು ಅವರ ಮೊಣಕಾಲಿಗೇ ಬಡಿಸಿ ಥ್ರೋ-ಇನ್ ಗಿಟ್ಟಿಸುವುದು ಇದೆಯಲ್ಲ, ಅದಕ್ಕೆ ಕೆಚ್ಚು ಬೇಕು. 17ರ ಹುಡುಗ, 1-0 ಸ್ಕೋರು, ಕೋಚ್ ಹೇಳಿದ್ದನ್ನು ಮಾಡಿದ. ಅವನನ್ನು ಬೈಯಬೇಡಿ.

ಗೋಲ್‌ಕೀಪರ್ ಕಥೆ ಬೇರೆ. ಅವನು ಚೆಂಡನ್ನು ಕೈಯಲ್ಲಿ ಹಿಡಿದಾಗ ಯಾರೂ ಅದನ್ನು ಕಿತ್ತುಕೊಳ್ಳುವಂತಿಲ್ಲ. ನೆಲದ ಮೇಲಿರುವ ಚೆಂಡಿನ ಮೇಲೆ ಒಂದು ಕೈ ಇಟ್ಟರೂ ಸಾಕು, ಅದು ಅವನದು. ಬೇರೆ ಯಾರಿಗೂ ಇಲ್ಲದ ರಕ್ಷಣೆ ಅದು. ಅದಕ್ಕೇ ಚೆಂಡು ಇಟ್ಟುಕೊಳ್ಳುವುದಕ್ಕೆ ಗಡುವು ಕೂಡ ಅವನಿಗೆ ಮಾತ್ರ. ಈ ಗಡುವಿನ ಹಿಂದೆ ದೊಡ್ಡ ಇತಿಹಾಸವೇ ಇದೆ.

1990ರ ವಿಶ್ವಕಪ್ ಇಟಲಿಯಲ್ಲಿ ನಡೆಯಿತು. ಅಲ್ಲಿ ಐರ್ಲೆಂಡ್ ಮತ್ತು ಈಜಿಪ್ಟ್ 0-0 ಡ್ರಾ ಮಾಡಿಕೊಂಡ ಪಂದ್ಯ ಹಳೆಯ ಅಭಿಮಾನಿಗಳಿಗೆ ಇನ್ನೂ ಮರೆತಿಲ್ಲ. ಐರ್ಲೆಂಡ್ ಕೀಪರ್ ಪ್ಯಾಕಿ ಬೋನರ್ ಒಬ್ಬರ ಬಳಿಯೇ ಚೆಂಡು ಸುಮಾರು ಆರು ನಿಮಿಷ ಇತ್ತು. ಆಗ ಡಿಫೆಂಡರ್ ಕೀಪರ್‌ಗೆ ಚೆಂಡು ಒದೆಯುವುದು, ಕೀಪರ್ ಕೈಗೆತ್ತಿಕೊಳ್ಳುವುದು, ಉರುಳಿಸಿ ಮತ್ತೆ ಡಿಫೆಂಡರ್‌ಗೆ ಕೊಡುವುದು, ಅವನು ವಾಪಸ್ ಕೊಡುವುದು, ಇದೆಲ್ಲ ನಿಯಮದ ಒಳಗೇ ಇತ್ತು. 1992ರ ಯೂರೋ ಕಪ್ ಗೆದ್ದ ಡೆನ್ಮಾರ್ಕ್ ಕೂಡ ಜರ್ಮನಿ ವಿರುದ್ಧದ ಫೈನಲ್‌ನಲ್ಲಿ ತನ್ನ ಕೀಪರ್ ಪೀಟರ್ ಷ್ಮೈಕಲ್‌ಗೆ ಚೆಂಡು ವಾಪಸ್ ಕೊಟ್ಟೂ ಕೊಟ್ಟೂ ಹೊತ್ತು ಕಳೆದಿತ್ತು. ಅದೇ ವರ್ಷ ಬ್ಯಾಕ್-ಪಾಸ್ ನಿಯಮ ಬಂತು: ಜೊತೆಗಾರ ಬೇಕಂತಲೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟುವ ಹಾಗಿಲ್ಲ. ಆಗ ತಂಡಗಳು ಥ್ರೋ-ಇನ್ ಮೂಲಕ ಕೀಪರ್‌ಗೆ ಚೆಂಡು ಎಸೆಯಲು ಶುರುಮಾಡಿದವು. 1997ರಲ್ಲಿ ಅದನ್ನೂ ಮುಚ್ಚಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

2000ದಲ್ಲಿ ಆರು ಸೆಕೆಂಡಿನ ಗಡುವು ಬಂತು. ಚೆಂಡು ಕೈಗೆ ಬಂದ ಆರು ಸೆಕೆಂಡಿನೊಳಗೆ ಬಿಡಬೇಕು. ಬಿಡದಿದ್ದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲಿಗೆ ಹೊಡೆದರೆ ಲೆಕ್ಕಕ್ಕಿಲ್ಲ, ಇನ್ನೊಬ್ಬ ಆಟಗಾರನಿಗೆ ಚೆಂಡು ತಾಗಿರಬೇಕು), ಅದೂ ಗೋಲ್ ಮುಂದಿನ ಪೆನಾಲ್ಟಿ ಏರಿಯಾದ ಒಳಗೆ. ಪುಸ್ತಕದಲ್ಲಿ ಚೆನ್ನಾಗಿತ್ತು. ಮೈದಾನದಲ್ಲಿ ಯಾರೂ ಬಳಸಲಿಲ್ಲ.

ರೆಫರಿಯಾಗಿ ನಾನೂ ಬಳಸಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಒಂದೇ ಒಂದು ಸಲ ಬಳಸಿದೆ. 15 ವರ್ಷದೊಳಗಿನ ಹುಡುಗರ ಪಂದ್ಯ. ಮುಂದಿದ್ದ ತಂಡದ ಕೀಪರ್ ಪ್ರತಿ ಸಲವೂ ಚೆಂಡು ಹಿಡಿದು, ಬಾಕ್ಸ್ ಅಂಚಿನ ತನಕ ನಿಧಾನ ನಡೆದು, ಎಡಗಡೆ ನೋಡಿ, ಬಲಗಡೆ ನೋಡಿ, ಮನಸ್ಸು ಬದಲಾಯಿಸಿದವನಂತೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದ. ಎರಡು ಸಲ ಎಚ್ಚರಿಸಿದೆ. ಮೂರನೇ ಸಲ ಹನ್ನೆರಡರವರೆಗೆ ಎಣಿಸಿ ಶೀಟಿ ಊದಿದೆ. ಆಮೇಲೆ ನಡೆದದ್ದು ಜಾತ್ರೆ. ಹನ್ನೊಂದೂ ಹುಡುಗರು ಗೋಲ್ ಕಂಬಗಳ ನಡುವೆ ಗೆರೆಯ ಮೇಲೆ ಸಾಲಾಗಿ ನಿಂತರು. ಎಂಟು ಮೀಟರ್ ದೂರದಿಂದ ಒದೆಯಬೇಕು. ಎದುರಾಳಿಗಳಿಗೆ ಇದನ್ನು ಹೇಗೆ ಆಡಬೇಕು ಅಂತಲೇ ಗೊತ್ತಿಲ್ಲ. ಟಚ್‌ಲೈನ್‌ನಲ್ಲಿ ಒಬ್ಬ ಕೋಚ್ ಕಿರುಚುತ್ತಿದ್ದ, ಇನ್ನೊಬ್ಬ ನಗುತ್ತಿದ್ದ. ಇಬ್ಬರು ಹುಡುಗರು ಮುಂದೆ ಮುಂದೆ ನುಗ್ಗಿ ಬಂದರು, ಅವರನ್ನು ಹಿಂದೆ ಕಳಿಸಿದೆ. ಎಲ್ಲ ಮುಗಿಯುವ ಹೊತ್ತಿಗೆ ವಾಚ್ ನೋಡಿಕೊಂಡೆ: ಕೀಪರ್ ಕದ್ದದ್ದು ಆರು ಸೆಕೆಂಡು, ಅದಕ್ಕೆ ಶಿಕ್ಷೆ ಕೊಡಲು ನಾನು ತಿಂದದ್ದು ಒಂದೂವರೆ ನಿಮಿಷ. ಚೆಂಡು ಯಾರದೋ ಹೊಟ್ಟೆಗೆ ಬಡಿದು ಹೊರಗೆ ಹೋಯಿತು.

ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯಿತು. ನನಗೆ ಮಾತ್ರ ಹೀಗನಿಸಿದ್ದಲ್ಲ. 2012ರ ಒಲಿಂಪಿಕ್ಸ್ ಮಹಿಳೆಯರ ಸೆಮಿಫೈನಲ್ ನೆನಪಿಸಿಕೊಳ್ಳಿ. ಓಲ್ಡ್ ಟ್ರಾಫರ್ಡ್‌ನಲ್ಲಿ ಕ್ರಿಸ್ಟೀನ್ ಸಿಂಕ್ಲೇರ್ ಅವರ ಹ್ಯಾಟ್ರಿಕ್ ಬಲದಿಂದ ಕೆನಡಾ 3-2 ಮುಂದಿತ್ತು, ಅಮೆರಿಕ ಬೆನ್ನಟ್ಟುತ್ತಿತ್ತು. ಕೆನಡಾದ ಕೀಪರ್ ಎರಿನ್ ಮೆಕ್‌ಲಿಯೋಡ್ ಚೆಂಡು ಜಾಸ್ತಿ ಹೊತ್ತು ಹಿಡಿದರು ಅಂತ ರೆಫರಿ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ಟರು. ಆ ಕಿಕ್ ಕೆನಡಾದ ಆಟಗಾರ್ತಿಯೊಬ್ಬರ ಕೈಗೆ ತಾಗಿ ಪೆನಾಲ್ಟಿ ಆಯಿತು. ಆಬಿ ವಾಂಬ್ಯಾಕ್ ಗೋಲು ಹೊಡೆದು 3-3 ಮಾಡಿದರು. ಎಕ್ಸ್‌ಟ್ರಾ ಟೈಮ್‌ನ ಕೊನೆಯ ಗಳಿಗೆಯಲ್ಲಿ ಅಲೆಕ್ಸ್ ಮಾರ್ಗನ್ ಹೆಡರ್‌ನಿಂದ ಅಮೆರಿಕ 4-3 ಗೆದ್ದಿತು. ನಿಯಮದ ಪ್ರಕಾರ ರೆಫರಿಯ ತೀರ್ಮಾನದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅಷ್ಟು ದಿನ ಯಾರೂ ಊದದ ಶೀಟಿಯನ್ನು ಆ ದಿನ, ಆ ಹೊತ್ತಿನಲ್ಲಿ ಊದಿದ್ದು ಜನಕ್ಕೆ ಅನ್ಯಾಯವಾಗಿಯೇ ಕಂಡಿತು. ನಾನು ಹೊಸ ರೆಫರಿಗಳಿಗೆ ತರಬೇತಿ ಕೊಡುವಾಗ ಈ ಪಂದ್ಯವನ್ನು ತೋರಿಸಿಯೇ ಮುಂದೆ ಹೋಗುತ್ತೇನೆ. ಶಿಕ್ಷೆ ತೀರಾ ದೊಡ್ಡದಾದರೆ ಕೊಡುವವನ ಕೈ ನಡುಗುತ್ತದೆ. ಕೊಡದ ಶಿಕ್ಷೆಗೆ ಯಾರು ಹೆದರುತ್ತಾರೆ?

ಅದಕ್ಕೇ 2025ರ ಬದಲಾವಣೆ ನನಗೆ ಬಹಳ ಇಷ್ಟ. ಗಡುವನ್ನು ಆರರಿಂದ ಎಂಟು ಸೆಕೆಂಡಿಗೆ ಏರಿಸಿದರು, ಶಿಕ್ಷೆಯನ್ನು ಕಾರ್ನರ್ ಕಿಕ್‌ಗೆ ಇಳಿಸಿದರು. ಮೇಲ್ನೋಟಕ್ಕೆ ಎರಡೂ ಕೀಪರ್ ಪರವಾಗಿವೆ ಅಲ್ವಾ? ನಡೆಯುವುದು ಉಲ್ಟಾ. ಕಾರ್ನರ್ ಕೊಡಲು ಯಾವ ರೆಫರಿಗೂ ಭಯವಿಲ್ಲ, ಪಂದ್ಯದಲ್ಲಿ ಹತ್ತು ಕಾರ್ನರ್ ಇದ್ದೇ ಇರುತ್ತವೆ. ಇನ್ನೊಂದು ಹನ್ನೊಂದನೆಯದು, ಅಷ್ಟೇ. ಜೊತೆಗೆ ಎಣಿಕೆ ಎಲ್ಲರಿಗೂ ಕಾಣುತ್ತದೆ. ಕೀಪರ್ ಚೆಂಡನ್ನು ಪೂರ್ತಿ ಹಿಡಿತಕ್ಕೆ ತಂದುಕೊಂಡ ಮೇಲೆ ಲೆಕ್ಕ ಶುರು. ಮೊದಲ ಮೂರು ಸೆಕೆಂಡು ರೆಫರಿ ಮನಸ್ಸಿನಲ್ಲೇ ಎಣಿಸುತ್ತಾನೆ. ಆಮೇಲೆ ಕೈ ಮೇಲೆತ್ತಿ ಐದು ಬೆರಳು ತೋರಿಸಿ ಒಂದೊಂದಾಗಿ ಮಡಚುತ್ತಾನೆ. ಎದುರಾಳಿ ಅಡ್ಡ ನಿಂತು ಬಿಡದಿದ್ದರೆ ಲೆಕ್ಕವಿಲ್ಲ. ಬೆರಳು ಮುಗಿದರೂ ಚೆಂಡು ಕೈಯಲ್ಲೇ ಇದ್ದರೆ, ಕೀಪರ್ ನಿಂತ ಜಾಗಕ್ಕೆ ಹತ್ತಿರದ ಮೂಲೆಯಿಂದ ಕಾರ್ನರ್. ಮೊದಲ ಸಲಕ್ಕೆ ಕಾರ್ಡ್ ಇಲ್ಲ, ಪದೇ ಪದೇ ಮಾಡಿದರೆ ಉಂಟು.

ಇದನ್ನು ಮೊದಲು ಪ್ರಯೋಗ ಮಾಡಿದ ಜಾಗಗಳಲ್ಲಿ ಒಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2, ಅಂದರೆ ಕ್ಲಬ್‌ಗಳ 21 ವರ್ಷದೊಳಗಿನ ತಂಡಗಳ ಲೀಗ್. ಕೊಟ್ಟ ಕಾರ್ನರ್‌ಗಳು ಬೆರಳೆಣಿಕೆಯಷ್ಟೇ. ಬೆರಳು ಮೇಲೆದ್ದ ಕೂಡಲೇ ಹುಡುಗರು ಚೆಂಡು ಬಿಟ್ಟುಬಿಡುತ್ತಿದ್ದರು. ನಿಯಮ ಗೆದ್ದಿದೆ ಅಂತ ಗೊತ್ತಾಗುವುದು ಹೀಗೆ, ಶಿಕ್ಷೆಯೇ ಬೇಕಾಗದೆ ಹೋದಾಗ.

ಹಾಗಾಗಿ ನಿಮ್ಮ ಕೀಪರ್ ಮಲಗಿದ್ದು ಎಂಟು ಸೆಕೆಂಡು ದಾಟಿದ್ದರೆ ಕಾರ್ನರ್ ಕೊಡಬೇಕಿತ್ತು. ಕೊಡದಿದ್ದರೆ ರೆಫರಿ ಮರೆತ ಅಂತಲೇ ಲೆಕ್ಕ.

ಇಲ್ಲಿ ಸುಮ್ನೆ ಒಂದು ಮಾತು. ಹೊಸ ನಿಯಮಗಳನ್ನು ಹೆಚ್ಚಾಗಿ ಹುಡುಗರ ಮೇಲೇ ಪರೀಕ್ಷಿಸುತ್ತಾರೆ. 1993ರಲ್ಲಿ ಜಪಾನ್‌ನಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವ ಟೂರ್ನಿಯಲ್ಲಿ ಥ್ರೋ-ಇನ್ ಬದಲು ಕಾಲಿನಿಂದ ಒದೆಯಲು ಬಿಟ್ಟಿದ್ದರು. ಅದು ಮುಂದೆ ಸಾಗಲಿಲ್ಲ. ಅಮೆರಿಕದ ಎಂಎಲ್‌ಎಸ್ ಲೀಗ್ ತನ್ನ ಕಿರಿಯರ ಲೀಗ್ ಆದ ಎಂಎಲ್‌ಎಸ್ ನೆಕ್ಸ್ಟ್ ಪ್ರೋದಲ್ಲಿ ಮೊದಲು ಪ್ರಯತ್ನಿಸಿ, 2024ರಲ್ಲಿ ದೊಡ್ಡವರ ಲೀಗ್‌ಗೂ ತಂದ ಎರಡು ನಿಯಮಗಳು ಇದಕ್ಕಿಂತ ಚೆನ್ನಾಗಿವೆ. ಆಟಗಾರ ನೆಲದ ಮೇಲೆ 15 ಸೆಕೆಂಡಿಗಿಂತ ಜಾಸ್ತಿ ಬಿದ್ದಿದ್ದು, ವೈದ್ಯರು ಒಳಗೆ ಬಂದರೆ, ಅವನು ಎರಡು ನಿಮಿಷ ಹೊರಗಿರಬೇಕು. ತಲೆಗೆ ಪೆಟ್ಟು, ಎದುರಾಳಿಗೆ ಕಾರ್ಡ್ ಬಿದ್ದ ಫೌಲ್, ಇಂಥದ್ದಕ್ಕೆ ವಿನಾಯಿತಿ ಇದೆ. ಇನ್ನೊಂದು: ಬದಲಿಯಾಗಿ ಹೊರಹೋಗುವವನು 10 ಸೆಕೆಂಡಿನಲ್ಲಿ ಹೋಗದಿದ್ದರೆ, ಒಳಬರುವವನು ಒಂದು ನಿಮಿಷ ಕಾಯಬೇಕು. ಅಷ್ಟು ಹೊತ್ತು ತಂಡ ಹತ್ತೇ ಜನರಲ್ಲಿ ಆಡಬೇಕು. ಶಿಕ್ಷೆ ಸಣ್ಣದು, ತಪ್ಪದೆ ಬೀಳುತ್ತದೆ. ಎರಡು ನಿಮಿಷ ಹತ್ತು ಜನ ಆಡಬೇಕು ಅಂದರೆ ಎಂಥ ಸ್ನಾಯು ಸೆಳೆತವೂ ತಾನಾಗಿ ವಾಸಿಯಾಗುತ್ತದೆ.

ಆದರೆ ರಂಗೋಲಿ ಕೆಳಗೆ ತೂರುವವರು ಇಲ್ಲೂ ಇದ್ದಾರೆ. ಪೆಟ್ಟಾದ ಕೀಪರ್ ಹೊರಗೆ ಹೋಗಬೇಕಿಲ್ಲ, ಏಕೆಂದರೆ ಕೀಪರ್ ಇಲ್ಲದೆ ಆಟ ನಡೆಯುವುದಿಲ್ಲ. ಹೀಗಾಗಿ ಎದುರಾಳಿ ಒಂದೇ ಸಮನೆ ನುಗ್ಗುತ್ತಿರುವಾಗ ಕೀಪರ್ ತಟ್ಟನೆ ತೊಡೆ ಹಿಡಿದು ಕೂರುತ್ತಾನೆ. ಫಿಸಿಯೋ ಓಡಿ ಬರುತ್ತಾರೆ. ಉಳಿದ ಹತ್ತೂ ಜನ ಕೋಚ್ ಸುತ್ತ ನೀರು ಕುಡಿಯುತ್ತಾ ಹೊಸ ಪ್ಲಾನ್ ಕೇಳಿಸಿಕೊಳ್ಳುತ್ತಾರೆ. ಒಂದು ನಿಮಿಷ ಆದ ಮೇಲೆ ತೊಡೆ ಸರಿಹೋಗುತ್ತದೆ. ನನ್ನ ಕಣ್ಣಿಗೆ ಇಂದಿನ ಆಟದಲ್ಲಿ ನಡೆಯುವ ಅತಿ ದೊಡ್ಡ ನಾಟಕ ಇದೇ. ನಿಜವಾದ ಪೆಟ್ಟು ಯಾವುದು, ನಾಟಕ ಯಾವುದು ಅಂತ ರೆಫರಿ ಹೇಗೆ ಹೇಳಬೇಕು? ತಪ್ಪು ಹೇಳಿದರೆ ಒಬ್ಬನ ಆರೋಗ್ಯದ ಪ್ರಶ್ನೆ.

ಉಳಿದ ಕಾಲಹರಣಕ್ಕೆ ಹಳದಿ ಕಾರ್ಡ್ ಇದೆ. ಥ್ರೋ-ಇನ್ ಎಸೆಯುವ ಹಾಗೆ ಮಾಡಿ ತಟ್ಟನೆ ಚೆಂಡನ್ನು ಇನ್ನೊಬ್ಬನಿಗೆ ಬಿಟ್ಟು ಹೋಗುವುದು, ಶೀಟಿ ಊದಿದ ಮೇಲೆ ಚೆಂಡನ್ನು ದೂರ ಒದೆಯುವುದು, ಮತ್ತೆ ಒದೆಸಲಿ ಅಂತಲೇ ಫ್ರೀ ಕಿಕ್ ಅನ್ನು ತಪ್ಪು ಜಾಗದಿಂದ ತೆಗೆದುಕೊಳ್ಳುವುದು, ಎಲ್ಲ ಪುಸ್ತಕದಲ್ಲಿ ಹೆಸರಿಟ್ಟು ಬರೆದಿದೆ. 2019ರಿಂದ ಹೊರಹೋಗುವ ಆಟಗಾರ ತನಗೆ ಹತ್ತಿರದ ಗೆರೆ ದಾಟಿಯೇ ಹೋಗಬೇಕು, ಮೈದಾನ ಪೂರ್ತಿ ಚಪ್ಪಾಳೆ ತಟ್ಟುತ್ತಾ ನಡೆಯುವ ಹಾಗಿಲ್ಲ.

ಈಗ ಗಡಿಯಾರದ ವಿಷಯ. ಈ ಸಲಹೆ ಹೊಸದಲ್ಲ. ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಇಫಾಬ್ 2017ರಲ್ಲಿ ಚರ್ಚೆಗೆ ಬಿಟ್ಟ ಪತ್ರದಲ್ಲೇ ಇದು ಇತ್ತು: 45 ನಿಮಿಷದ ಬದಲು 30 ನಿಮಿಷದ ಎರಡು ಅರ್ಧ, ಚೆಂಡು ಹೊರಗೆ ಹೋದಾಗೆಲ್ಲ ಗಡಿಯಾರ ನಿಲ್ಲಬೇಕು. ಲೆಕ್ಕ ಸರಿಯೇ. ದೊಡ್ಡ ಲೀಗ್‌ಗಳಲ್ಲೂ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 55ರಿಂದ 60 ನಿಮಿಷ.

ಆದರೂ ನಾನು ಇದರ ಪರ ಇಲ್ಲ. ಕಾರಣಕ್ಕೆ ಫುಟ್ಸಾಲ್ ನೋಡಿ, ಅಂದರೆ ಸಣ್ಣ ಅಂಕಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್. ಅಲ್ಲಿ 20 ನಿಮಿಷದ ಎರಡು ಅರ್ಧ, ಚೆಂಡು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಒಂದು ಸೆಕೆಂಡನ್ನೂ ಕದಿಯಲು ಆಗುವುದಿಲ್ಲ ಅಂತ ಅಂದುಕೊಳ್ಳುತ್ತೇವೆ. ಹಾಗಿದ್ದರೂ ಅಲ್ಲಿ ಕಿಕ್-ಇನ್, ಕಾರ್ನರ್, ಫ್ರೀ ಕಿಕ್ ಎಲ್ಲವನ್ನೂ ನಾಲ್ಕು ಸೆಕೆಂಡಿನಲ್ಲಿ ಮುಗಿಸಬೇಕು ಅನ್ನುವ ನಿಯಮ ಬೇಕಾಯಿತು. ಯಾಕೆ? ನಿಧಾನ ಮಾಡುವವನು ಗಡಿಯಾರದಿಂದ ನಿಮಿಷ ಕದಿಯುವುದರ ಜೊತೆಗೆ ಎದುರಾಳಿಯ ಓಘವನ್ನೂ ಮುರಿಯುತ್ತಾನೆ. ಐದು ನಿಮಿಷ ಒಂದೇ ಉಸಿರಿನಲ್ಲಿ ಮುನ್ನುಗ್ಗಿದ ತಂಡದ ಬಿಸಿ ಆರುವ ತನಕ ಗೋಲ್ ಕಿಕ್ ಹೊಡೆಯುವುದಿಲ್ಲ. ಗಡಿಯಾರ ನಿಂತರೂ ಬಿಸಿ ಆರಿಯೇ ಆರುತ್ತದೆ. ಅಷ್ಟೇ ಅಲ್ಲ, ಗಡಿಯಾರ ನಿಂತಿದೆ ಅಂತ ಗೊತ್ತಾದರೆ ನಾಚಿಕೆಯೂ ಹೋಗುತ್ತದೆ. ನಿಮಗೇನು ನಷ್ಟ, ಟೈಮ್ ನಿಂತಿದೆಯಲ್ಲ ಅನ್ನುತ್ತಾರೆ.

ಕಳೆದ ಸಮಯವನ್ನು ಕೊನೆಗೆ ಸೇರಿಸುವ ದಾರಿಯೂ ಇಷ್ಟೇ. 2022ರ ಕತಾರ್ ವಿಶ್ವಕಪ್‌ನಲ್ಲಿ ರೆಫರಿಗಳ ಮುಖ್ಯಸ್ಥ ಪಿಯರ್‌ಲುಯಿಜಿ ಕೊಲಿನಾ ಹೇಳಿಕೊಟ್ಟ ಪ್ರಕಾರ ಗೋಲಿನ ಸಂಭ್ರಮ, ಪೆಟ್ಟು, ವಿಎಆರ್ ಅನ್ನುವ ವಿಡಿಯೋ ಪರಿಶೀಲನೆ, ಬದಲಿ, ಎಲ್ಲದಕ್ಕೂ ಚಾಚೂ ತಪ್ಪದೆ ಲೆಕ್ಕ ಹಾಕಿ ಸೇರಿಸಿದರು. ಇಂಗ್ಲೆಂಡ್ 6-2ರಿಂದ ಇರಾನನ್ನು ಸೋಲಿಸಿದ ಪಂದ್ಯದಲ್ಲಿ ಎರಡೂ ಅರ್ಧ ಸೇರಿ 27 ನಿಮಿಷದಷ್ಟು ಹೆಚ್ಚುವರಿ ಆಟ ನಡೆಯಿತು. ಅದರಲ್ಲಿ ದೊಡ್ಡ ಪಾಲು ಇರಾನ್ ಕೀಪರ್‌ಗೆ ತಲೆಗೆ ಬಿದ್ದ ನಿಜವಾದ ಪೆಟ್ಟಿನಿಂದ ಬಂದದ್ದು, ಯಾರ ಮೋಸದಿಂದಲೂ ಅಲ್ಲ. ಕಳೆದದ್ದನ್ನು ವಾಪಸ್ ಕೊಟ್ಟರೆ ನ್ಯಾಯ ಸಿಗುತ್ತದೆ, ಶಿಕ್ಷೆ ಆಗುವುದಿಲ್ಲ. ಕದ್ದವನಿಂದ ಕದ್ದಷ್ಟೇ ವಾಪಸ್ ಪಡೆದರೆ ಅವನು ನಾಳೆಯೂ ಕದಿಯುತ್ತಾನೆ. ಇನ್ನೊಂದು ಗೊತ್ತಿರಲಿ: ನಾಲ್ಕನೇ ಅಧಿಕಾರಿ ಬೋರ್ಡಿನಲ್ಲಿ ತೋರಿಸುವುದು ಕನಿಷ್ಠ ನಿಮಿಷ. ಆಮೇಲೆ ಅದನ್ನು ಹೆಚ್ಚಿಸಬಹುದು, ಕಡಿಮೆ ಮಾಡುವ ಹಾಗಿಲ್ಲ. ಐದು ಅಂದರಲ್ಲ, ಆರಾದರೂ ಶೀಟಿ ಇಲ್ಲ ಅಂತ ಕೂಗುವವರಿಗೆ ಇದನ್ನು ಹೇಳಿ.

ಕೊನೆಯ ಪ್ರಶ್ನೆ, ಅಕಾಡೆಮಿಯಲ್ಲಿ ಕಲಿಸ್ತಾರಾ? ಕಲಿಸುತ್ತಾರೆ. ಅದಕ್ಕೆ ಗೇಮ್ ಮ್ಯಾನೇಜ್‌ಮೆಂಟ್ ಅಂತ ಚೆಂದದ ಹೆಸರಿದೆ. ಆದರೆ ಕಲಿಸುವ ಮೊದಲೇ ಹುಡುಗರು ಟಿವಿ ನೋಡಿ ಅರ್ಧ ಕಲಿತು ಬಂದಿರುತ್ತಾರೆ. 12 ವರ್ಷದೊಳಗಿನವರ ಒಂದು ಪಂದ್ಯದಲ್ಲಿ, ಸುಡುಬಿಸಿಲಿನಲ್ಲಿ, ಒಬ್ಬ ಹುಡುಗ ಥ್ರೋ-ಇನ್‌ಗೆ ಮುಂಚೆ ಚೆಂಡನ್ನು ಜೆರ್ಸಿಯಿಂದ ಒರೆಸುತ್ತಾ ನಿಂತಿದ್ದ. ಚೆಂಡಿನ ಮೇಲೆ ಒಂದು ಹನಿ ನೀರಿಲ್ಲ. ಏನಪ್ಪಾ ಒರೆಸ್ತಾ ಇದೀಯ ಅಂತ ಕೇಳಿದೆ. ‘ಗೆಲ್ತಾ ಇದೀವಿ ಸರ್’ ಅಂದ. ಬೈಯಲು ಬಾಯೇ ಬರಲಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ನಿಮ್ಮ ಹುಡುಗನಿಗೆ ಸಿಕ್ಕಿದ್ದು 88ನೇ ನಿಮಿಷ. ನಾಲ್ಕು ನಿಮಿಷ ಸೇರಿಸಿದರು ಅಂದುಕೊಳ್ಳೋಣ, ಒಟ್ಟು ಆರು. ಅದರಲ್ಲಿ ಚೆಂಡು ಆಟದಲ್ಲಿದ್ದದ್ದು ಮೂರು, ಮೂರೂವರೆ ನಿಮಿಷ. ಕೀಪರ್ ಮಲಗಿದ್ದು, ಗೋಲ್ ಕಿಕ್‌ಗೆ ತಡ ಮಾಡಿದ್ದು, ಎಲ್ಲ ಅದರಲ್ಲೇ ಹೋಯಿತು. ಅಂದರೆ ನಿಮ್ಮದೇ ತಂಡ ಮಾಡಿದ ಕಾಲಹರಣ ಮೊದಲು ತಿಂದದ್ದು ನಿಮ್ಮದೇ ಹುಡುಗನ ಹೊತ್ತನ್ನು. ಚೆಂಡು ಮುಟ್ಟಿದ್ದು ಎರಡು ಮೂರು ಸಲ ಇರಬಹುದು. ಅದರಿಂದ ಅವನು ಕಲಿತದ್ದೇನು, ಕೋಚ್‌ಗೆ ತಿಳಿದದ್ದೇನು?

ತಡವಾಗಿ ಇಳಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 2004ರ ಅಕ್ಟೋಬರ್‌ನಲ್ಲಿ ಎಸ್ಪಾನ್ಯೋಲ್ ವಿರುದ್ಧ ಬಾರ್ಸಿಲೋನಾ 1-0 ಮುಂದಿದ್ದಾಗ 82ನೇ ನಿಮಿಷಕ್ಕೆ ಡೆಕೊ ಬದಲು ಒಬ್ಬ 17ರ ಹುಡುಗನನ್ನು ಇಳಿಸಿದರು. ಲಿಯೋನೆಲ್ ಮೆಸ್ಸಿ. ಅದೇ ಸ್ಕೋರು, ಅದೇ ವಯಸ್ಸು. ಅದೇ ಕ್ಲಬ್ 2023ರ ಏಪ್ರಿಲ್‌ನಲ್ಲಿ 15 ವರ್ಷದ ಲಮೀನ್ ಯಮಾಲ್‌ನನ್ನು ಬೆಟಿಸ್ ವಿರುದ್ಧ 4-0 ಮುಂದಿದ್ದಾಗ ಕೊನೆಯ ಕೆಲವು ನಿಮಿಷಕ್ಕೆ ಇಳಿಸಿತು. ನಾಲ್ಕು ಗೋಲು ಮುಂದಿದ್ದರೆ ಹುಡುಗ ಧೈರ್ಯವಾಗಿ ಡ್ರಿಬಲ್ ಮಾಡಬಹುದು, ಚೆಂಡು ಕಳೆದುಕೊಂಡರೂ ಯಾರೂ ಬೈಯಲ್ಲ. ಒಂದೇ ಗೋಲು ಮುಂದಿದ್ದರೆ ಅವನಿಗೆ ಸಿಗುವ ಸೂಚನೆ ಒಂದೇ, ಮೂಲೆಗೆ ಹೋಗು. ಹಾಗಾಗಿ ಎಷ್ಟನೇ ನಿಮಿಷ ಅನ್ನುವುದರ ಜೊತೆಗೆ ಎಂಥ ಸ್ಕೋರಿನಲ್ಲಿ ಇಳಿಸುತ್ತಾರೆ ಅನ್ನುವುದನ್ನೂ ನೋಡಬೇಕು.

ಕ್ಲಬ್‌ಗೆ ಇದು ದುಡ್ಡಿನ ವಿಷಯವೂ ಹೌದು. ನಾಳೆ ಅವನು ಒಪ್ಪಂದದ ನಡುವೆಯೇ ಬೇರೆ ದೇಶದ ಕ್ಲಬ್‌ಗೆ ಮಾರಾಟವಾದರೆ, ಫಿಫಾ ನಿಯಮದಂತೆ ಆ ಮೊತ್ತದ ಶೇ. 5ರಷ್ಟು 12ರಿಂದ 23 ವರ್ಷದವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಆಮೇಲೆ ಎಷ್ಟು ಸಲ ಮಾರಾಟವಾದರೂ ಅಷ್ಟೇ. ಮೂಲೆಯಲ್ಲಿ ಬೆನ್ನು ಕೊಟ್ಟು ನಿಂತ ವಿಡಿಯೋ ನೋಡಿ ಯಾರೂ ಅಷ್ಟು ದುಡ್ಡು ಕೊಡುವುದಿಲ್ಲ.

ಮುಂದಿನ ಮೂರು ನಾಲ್ಕು ಪಂದ್ಯಗಳಲ್ಲಿ ನೀವೆಲ್ಲ ಕೂತು ಎರಡು ವಿಷಯ ಗಮನಿಸಿ. ನಿಮ್ಮ ಕೀಪರ್ ಚೆಂಡು ಹಿಡಿದಾಗ ಟಿವಿಯಲ್ಲಿ ಚೆಂಡನ್ನು ಬಿಟ್ಟು ರೆಫರಿಯ ಕೈ ಹುಡುಕಿ, ಬೆರಳು ಮೇಲೇಳುತ್ತದಾ ಅಂತ. ಆಮೇಲೆ ಹುಡುಗನನ್ನು ಇಳಿಸಿದಾಗ ಗಡಿಯಾರ ಮತ್ತು ಸ್ಕೋರು ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ತಂಡ 3-0 ಮುಂದಿದ್ದಾಗಲೂ ಅವನು ಬೆಂಚಿನಲ್ಲೇ ಕೂತಿದ್ದರೆ, 1-0 ಇದ್ದಾಗ ಮಾತ್ರ 88ಕ್ಕೆ ಏಳುತ್ತಿದ್ದರೆ, ಕೋಚ್‌ಗೆ ಬೇಕಾಗಿರುವುದು ವಿಂಗರ್ ಅಲ್ಲ, ದಣಿಯದ ಕಾಲುಗಳು. ಆಗ ನೀವು ನಾಲ್ವರೂ ಸೇರಿ ಜಗಳ ಆಡಬೇಕಾದದ್ದು ಕೋಚ್ ಜೊತೆ.